ನೀರು ಏರಿದಾಗ ದಡ ಉಳಿಸಿಕೊಳ್ಳೋದು ಹೇಗೆ? ಬೋಟ್ ಅಲೆ ಮತ್ತು ಮಣ್ಣು ಕೊರೆತಕ್ಕೆ ಒಂದು ಮಾರ್ಗದರ್ಶಿ

ಬೋಟ್ ಹೋಗಿ ಆಗಿದೆ. ಇಂಜಿನ್ ಸದ್ದೂ ಕೇಳಿಸುತ್ತಿಲ್ಲ. ನೀವು ದಡದಲ್ಲಿ ಸುಮ್ನೆ ನಿಂತಿದ್ದೀರಿ. ಆಮೇಲೆ ಬರುತ್ತದೆ ನೋಡಿ ಮೊದಲ ಅಲೆ. ತಗ್ಗಾಗಿ, ಉದ್ದಕ್ಕೆ, ಏನೂ ಗೊತ್ತಿಲ್ಲದವರ ಹಾಗೆ. ಎರಡನೆಯದು, ಮೂರನೆಯದು ಸ್ವಲ್ಪ ಎತ್ತರ. ನಾಲ್ಕನೆಯದೋ ಐದನೆಯದೋ ದಡದ ಬುಡಕ್ಕೆ ಥಪ್ ಎಂದು ಬಡಿಯುತ್ತದೆ. ನೀರು ಹಿಂದೆ ಸರಿಯುವಾಗ ಸಣ್ಣ ಕಲ್ಲುಗಳು ಗರಗರ ಉರುಳುತ್ತವೆ. ಹುಲ್ಲಿನ ಬೇರಿನ ಕೆಳಗಿನಿಂದ ಒಂದು ಹಿಡಿ ಮಣ್ಣು ಕಳಚಿ ಬೀಳುತ್ತದೆ. ತಿಳಿಯಾಗಿದ್ದ ನೀರು ಒಂದು ಮಾರು ಅಗಲಕ್ಕೆ ಕದಡುತ್ತದೆ. ಎರಡು ನಿಮಿಷ ಬಿಟ್ಟು ನೋಡಿದರೆ ಎಲ್ಲ ಶಾಂತ. ಹಿಡಿ ಮಣ್ಣು ತಾನೇ ಎಂದು ನಾವು ಒಳಗೆ ಹೋಗುತ್ತೇವೆ.

ಆ ಹಿಡಿ ಮಣ್ಣಿನ ಲೆಕ್ಕ ಇಡೋದು ಹೇಗೆ, ಅದು ಹೋಗದ ಹಾಗೆ ಮಾಡೋದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಸರೋವರ, ದೊಡ್ಡ ಕೆರೆ, ಅಣೆಕಟ್ಟಿನ ಹಿನ್ನೀರು, ಯಾವುದರ ದಡದಲ್ಲಿ ನಿಮ್ಮ ಜಾಗ ಇದ್ದರೂ ವಿಷಯ ಒಂದೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರು ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುತ್ತಾರೆ. ನೀರು ಏರಿದ ಗಾಬರಿಯಲ್ಲಿ ಲೋಡುಗಟ್ಟಲೆ ಕಲ್ಲು ತರಿಸುತ್ತಾರೆ. ಅಳತೆ, ಬೋಟಿನ ವೇಗ, ಗಿಡ, ಇವು ಮೂರೂ ಆದ ಮೇಲೆ ಬರಬೇಕಾದ್ದು ಕಲ್ಲು.

ನೀರು ಏರಿದರೆ ಅದೇ ಅಲೆ ಯಾಕೆ ಜಾಸ್ತಿ ತಿನ್ನುತ್ತದೆ

ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಅಲೆ ಆಳವಿಲ್ಲದ ನೀರಿಗೆ ಬಂದಾಗ ಮುಗ್ಗರಿಸಿ ಮುರಿಯುತ್ತದೆ. ತನ್ನ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ ಅದು ಬಿದ್ದುಹೋಗುತ್ತದೆ ಎಂದು ಅಂದಾಜು ಹಿಡಿಯಬಹುದು. ಅಂದರೆ 30 ಸೆಂ.ಮೀ. ಎತ್ತರದ ಅಲೆ ಮುರಿಯುವುದು 40 ಸೆಂ.ಮೀ. ಆಳದ ಹತ್ತಿರ.

ಈಗ ನಿಮ್ಮ ದಡದ ಮುಂದೆ ಇಳಿಜಾರಾದ ಮರಳಿನ ಅಂಚು ಇದೆ ಎಂದುಕೊಳ್ಳಿ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಆಳ, ಅಷ್ಟು ಇಳಿಜಾರು. ನೀರು ಮಾಮೂಲಿ ಮಟ್ಟದಲ್ಲಿದ್ದರೆ 30 ಸೆಂ.ಮೀ. ಅಲೆ ದಡದಿಂದ ಸುಮಾರು 4 ಮೀಟರ್ ದೂರದಲ್ಲೇ ಮುರಿಯುತ್ತದೆ. ಮಿಕ್ಕ ಕಸುವು ಮರಳಿನ ಮೇಲೆ ಉಜ್ಜಿ ಮುಗಿದುಹೋಗುತ್ತದೆ. ನೀರು ಅರ್ಧ ಮೀಟರ್ ಏರಿತು ಅನ್ನಿ. ಈಗ ಮಣ್ಣಿನ ದಿಬ್ಬದ ಬುಡದಲ್ಲೇ 50 ಸೆಂ.ಮೀ. ನೀರು. ಅದೇ ಅಲೆ ಎಲ್ಲೂ ಮುರಿಯದೆ ನೇರವಾಗಿ ಬಂದು ಮಣ್ಣಿಗೆ ಗುದ್ದುತ್ತದೆ. ಅದೂ ಎಲ್ಲಿಗೆ? ಮಾಮೂಲಿ ಮಟ್ಟದಲ್ಲಿ ಕಲ್ಲು, ಜೊಂಡು, ಬೇರು ಎಲ್ಲ ಇರುತ್ತವೆ. ಅದಕ್ಕಿಂತ ಅರ್ಧ ಮೀಟರ್ ಮೇಲೆ ಬರೀ ಮೆದು ಮಣ್ಣು. ಅಲೆಯ ಏಟು ತಿಂದು ಅಭ್ಯಾಸವೇ ಇಲ್ಲದ ಮಣ್ಣು.

ಇನ್ನೊಂದು ಲೆಕ್ಕ ಮನಸ್ಸಲ್ಲಿ ಇರಲಿ. ಅಲೆಯ ಕಸುವು ಅದರ ಎತ್ತರದ ವರ್ಗದಷ್ಟು ಬೆಳೆಯುತ್ತದೆ. ಎತ್ತರ ಎರಡು ಪಟ್ಟಾದರೆ ಕಸುವು ನಾಲ್ಕು ಪಟ್ಟು. ಹಾಗಾಗಿ 20 ಸೆಂ.ಮೀ. ಅಲೆಗೂ 40 ಸೆಂ.ಮೀ. ಅಲೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಕ್ಕಿಂತ ತುಂಬಾ ದೊಡ್ಡದು.

ನೀರು ಎಷ್ಟು ಏರಬಹುದು ಅನ್ನುವುದರಲ್ಲೂ ನಾವು ಮೋಸ ಹೋಗುತ್ತೇವೆ. ಉತ್ತರ ಅಮೆರಿಕದ ಮಹಾ ಸರೋವರಗಳನ್ನೇ ನೋಡಿ. ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳ ನೀರು 2013ರ ಜನವರಿಯಲ್ಲಿ ದಾಖಲೆಯಲ್ಲೇ ಅತಿ ಕೆಳಗಿನ ಮಟ್ಟಕ್ಕೆ ಇಳಿದಿತ್ತು. 2020ರ ಬೇಸಿಗೆಯ ಹೊತ್ತಿಗೆ ಅದಕ್ಕಿಂತ ಸುಮಾರು 6 ಅಡಿ ಮೇಲಿತ್ತು. ಏಳೂವರೆ ವರ್ಷ, ಅಷ್ಟೆ. ನೀರು ಇಳಿದಿದ್ದಾಗ ಅಂಚಿನವರೆಗೂ ಬಂದು ಮೆಟ್ಟಿಲು, ಜಗಲಿ ಕಟ್ಟಿಕೊಂಡರೆ ಇಂಥ ಏರಿಕೆಯಲ್ಲಿ ಅವು ಉಳಿಯುವುದಿಲ್ಲ.

ಮೊದಲ ಕೆಲಸ: ಅಳೆಯಿರಿ

ದೊಡ್ಡ ಸಲಕರಣೆ ಏನೂ ಬೇಡ. ಒಂದು ಅಳತೆ ಟೇಪು, ಐದಾರು ಕಬ್ಬಿಣದ ಸರಳು, ಒಂದು ನೋಟ್‌ಬುಕ್, ಕೈಯಲ್ಲಿರುವ ಫೋನ್ ಸಾಕು.

ನೀರಿನ ಮಟ್ಟಕ್ಕೆ: ಅಲ್ಲಾಡದ ಒಂದು ಕಂಬಕ್ಕೆ ಅಳತೆ ಪಟ್ಟಿ ಬಡಿಯಿರಿ. ಬೋಟ್ ಕಟ್ಟುವ ಜೆಟ್ಟಿಯ ಕಂಬ ಗಟ್ಟಿಯಾಗಿದ್ದರೆ ಅದೇ ಆಗುತ್ತದೆ. ತೇಲುವ ಜೆಟ್ಟಿ ಆದರೆ ಬೇಡ, ಅದು ನೀರಿನ ಜೊತೆಗೇ ಏರಿ ಇಳಿಯುತ್ತದಲ್ವಾ. ಗಾಳಿ ಇಲ್ಲದ ಬೆಳಗಿನ ಹೊತ್ತು ಓದಿ ಬರೆದುಕೊಳ್ಳಿ. ಜೋರು ಗಾಳಿ ನೀರನ್ನು ಒಂದು ದಡಕ್ಕೆ ತಳ್ಳಿ ಸುಳ್ಳು ಲೆಕ್ಕ ಕೊಡುತ್ತದೆ.

ದಡದ ಅಂಚಿಗೆ: ಅಂಚಿನಿಂದ 5 ಮೀಟರ್ ಹಿಂದೆ ಒಂದು ಗೂಟ, 10 ಮೀಟರ್ ಹಿಂದೆ ಇನ್ನೊಂದು ಗೂಟ ಹೊಡೆಯಿರಿ. ಎರಡೂ ಗೂಟ ಒಂದೇ ಗೆರೆಯಲ್ಲಿ ಕಾಣುವ ಹಾಗೆ ನಿಂತು, ಅದೇ ಗೆರೆಯಲ್ಲಿ ಅಂಚಿನವರೆಗೆ ಟೇಪು ಹಿಡಿಯಿರಿ. ಎರಡು ಗೂಟ ಯಾಕೆಂದರೆ ಟೇಪು ಪ್ರತಿ ಸಲ ಒಂದೇ ದಿಕ್ಕಿನಲ್ಲಿ ಇರಬೇಕು. ಸ್ವಲ್ಪ ವಾಲಿದರೂ ಅಳತೆ ಕೆಡುತ್ತದೆ. ಇಂಥ ಗೆರೆ ಮೂರು ನಾಲ್ಕು ಕಡೆ ಇರಲಿ.

ಕೊರೆತಕ್ಕೆ: ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಅಳತೆ. ಬೆರಳಿಗಿಂತ ತೆಳುವಾದ, ಎರಡು ಮೂರು ಅಡಿ ಉದ್ದದ ಸರಳನ್ನು ದಡದ ಮಣ್ಣಿನ ಗೋಡೆಗೆ ಅಡ್ಡಡ್ಡ ಬಡಿಯಿರಿ. ತುದಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಒಂದು ಬುಡದ ಹತ್ತಿರ, ಒಂದು ನಡುವೆ, ಒಂದು ಮೇಲೆ. ತುದಿಗೆ ಕೆಂಪು ಬಣ್ಣ ಹಚ್ಚಿ, ಇಲ್ಲದಿದ್ದರೆ ಯಾರಾದರೂ ಎಡವುತ್ತಾರೆ. ವಾರ ಬಿಟ್ಟು ನೋಡಿ. ಸರಳು 4 ಸೆಂ.ಮೀ. ಹೊರಗೆ ಇಣುಕುತ್ತಿದ್ದರೆ ಅಷ್ಟು ಮಣ್ಣು ಹೋಗಿದೆ. ಬುಡದ ಸರಳು ಮಾತ್ರ ಹೊರಗೆ ಬಂದು ಮೇಲಿನದು ಹಾಗೇ ಇದ್ದರೆ ಖುಷಿಪಡಬೇಡಿ. ಕೆಳಗೆ ಪೊಳ್ಳಾಗಿದೆ, ಮೇಲಿನ ಮಣ್ಣು ಒಂದು ದಿನ ಒಟ್ಟಿಗೇ ಕೂರುತ್ತದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 20 ಮೀಟರ್ ಉದ್ದದ ದಡ, 1.2 ಮೀಟರ್ ಎತ್ತರ. ಒಂದು ಋತುವಿನಲ್ಲಿ 15 ಸೆಂ.ಮೀ. ಹಿಂದೆ ಸರಿಯಿತು. ಗುಣಿಸಿದರೆ 3.6 ಘನ ಮೀಟರ್, ತೂಕದಲ್ಲಿ ಹೆಚ್ಚುಕಡಿಮೆ 6 ಟನ್ ಮಣ್ಣು. ಒಂದು ಗೇಣಿಗಿಂತ ಕಡಿಮೆ ಹೋಗಿದ್ದಕ್ಕೆ ಇಷ್ಟು. ಆ ಮಣ್ಣು ನೀರಲ್ಲಿ ಮಾಯವಾಗುವುದೂ ಇಲ್ಲ. ಹೂಳಾಗಿ ಕೂರುತ್ತದೆ, ಮೀನು ಮೊಟ್ಟೆ ಇಡುವ ಜಾಗ ಮುಚ್ಚುತ್ತದೆ. ಮಣ್ಣಿನ ಜೊತೆ ಹೋದ ರಂಜಕ ಪಾಚಿಗೆ ಗೊಬ್ಬರವಾಗುತ್ತದೆ.

ನೋಟ್‌ಬುಕ್ಕಿನಲ್ಲಿ ದಿನಾಂಕ, ನೀರಿನ ಮಟ್ಟ, ಗಾಳಿ ಹೇಗಿತ್ತು, ಆ ದಿನ ಬೋಟ್ ಓಡಾಟ ಎಷ್ಟಿತ್ತು, ಇಷ್ಟು ಬರೆಯಿರಿ. ಒಂದೇ ಜಾಗದಲ್ಲಿ ನಿಂತು ಒಂದೇ ಕಡೆಗೆ ಫೋಟೋ ತೆಗೆಯಿರಿ. ಮುಂದೆ ಯಾರ ಹತ್ತಿರವಾದರೂ ಮಾತಾಡಬೇಕಾದರೆ ಈ ನೋಟ್‌ಬುಕ್ಕೇ ನಿಮ್ಮ ಬಾಯಿ.

ತಪ್ಪು ಯಾರದು ಅಂತ ಪತ್ತೆ ಮಾಡಿ

ಬೋಟ್ ಮೇಲೆ ಸಿಟ್ಟಿರುವುದರಿಂದ ಎಲ್ಲದಕ್ಕೂ ಬೋಟೇ ಕಾರಣ ಎಂದು ಅನಿಸುತ್ತದೆ. ಹಾಗೇ ಇರಬೇಕೆಂದಿಲ್ಲ. ಮೂರು ಕಡೆ ನೋಡಿ.

ಗಾಳಿ ಬರುವ ದಿಕ್ಕಿಗೆ ನಿಮ್ಮ ದಡದ ಮುಂದೆ ಕಿಲೋಮೀಟರ್‌ಗಟ್ಟಲೆ ಬಯಲು ನೀರಿದ್ದರೆ ಗಾಳಿಯ ಅಲೆಯೇ ದೊಡ್ಡದು. ಅಂಥ ಕಡೆ ಬೋಟ್ ನಿಲ್ಲಿಸಿದರೂ ಕೊರೆತ ನಿಲ್ಲುವುದಿಲ್ಲ. ಆದರೆ ಸಣ್ಣ ಸರೋವರ, ಮರೆಯಲ್ಲಿರುವ ಮೂಲೆ, ಇಕ್ಕಟ್ಟಾದ ಕಾಲುವೆ ಇಂಥ ಕಡೆ ಗಾಳಿಗೆ ಅಲೆ ಎಬ್ಬಿಸಲು ಜಾಗವೇ ಇರುವುದಿಲ್ಲ. ಅಲ್ಲಿ ಬೋಟ್ ಅಲೆಯೇ ದಡಕ್ಕೆ ಬರುವ ಅತಿ ದೊಡ್ಡ ಅಲೆಯಾಗಿರಬಹುದು. ಗಾಳಿಯಿಲ್ಲದ, ಬೋಟ್ ಜಾಸ್ತಿ ಓಡಾಡುವ ದಿನಗಳ ನಂತರ ಸರಳು ಹೊರಗೆ ಬಂದಿದ್ದರೆ ಉತ್ತರ ಸಿಕ್ಕಂತೆ.

ಮೂರನೆಯದನ್ನು ಯಾರೂ ನೋಡುವುದಿಲ್ಲ. ಅದು ಹಿಂದಿನಿಂದ ಬರುವ ನೀರು. ಸೂರಿನ ನೀರು, ಅಂಗಳದ ನೀರು ದಡದ ಮೇಲಿಂದ ಹರಿದರೆ, ಅಥವಾ ಮಣ್ಣಿನ ಒಳಗಿಂದ ಒಸರಿದರೆ, ದಡ ಒಳಗಿಂದಲೇ ಮೆತ್ತಗಾಗುತ್ತದೆ. ಮಳೆ ನಿಂತು ಎರಡು ದಿನವಾದರೂ ದಡದ ಗೋಡೆ ಒದ್ದೆಯಾಗಿ ಜಿನುಗುತ್ತಿದೆಯೇ? ಹಾಗಿದ್ದರೆ ಮೊದಲು ಆ ನೀರನ್ನು ಪೈಪು ಹಾಕಿ ಬೇರೆ ಕಡೆ ಬಿಡಿ.

ಬೋಟ್ ನಡೆಸುವವರಿಗೆ (ಅದು ನೀವೇ ಆಗಿದ್ದರೂ)

ಬಹಳ ಜನ ತಿಳಿದಿರುವುದು ವೇಗ ಜಾಸ್ತಿಯಾದಷ್ಟೂ ಅಲೆ ದೊಡ್ಡದು ಎಂದು. ನಿಜ ಹಾಗಿಲ್ಲ. ಮೋಟಾರ್ ಬೋಟಿಗೆ ಮೂರು ನಡೆ ಇದೆ. ನಿಧಾನವಾಗಿ ಹೋಗುವಾಗ ಮೂತಿ ತಗ್ಗಾಗಿ, ಬೋಟ್ ಸಮನಾಗಿ ಕೂತಿರುತ್ತದೆ, ಅಲೆ ಸಣ್ಣದು. ಪೂರ್ತಿ ವೇಗದಲ್ಲಿ ಬೋಟ್ ನೀರಿನ ಮೇಲೆದ್ದು ಜಾರುತ್ತದೆ, ಅಲೆ ಮಧ್ಯಮ. ಇವೆರಡರ ನಡುವಿನದೇ ಕೆಟ್ಟ ನಡೆ. ಮೂತಿ ಆಕಾಶಕ್ಕೆ, ಹಿಂಭಾಗ ನೀರಲ್ಲಿ ಹೂತು, ನೇಗಿಲು ಹೂಡಿದ ಹಾಗೆ ನೀರನ್ನು ಉತ್ತುಕೊಂಡು ಹೋಗುತ್ತದೆ. ಅತಿ ದೊಡ್ಡ ಅಲೆ ಏಳುವುದು ಆಗಲೇ.

ಹಾಗಾಗಿ ದಡ ಕಂಡ ಕೂಡಲೇ "ಸ್ವಲ್ಪ ನಿಧಾನ" ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಜಾಸ್ತಿ ಹಾಳು ಮಾಡುತ್ತಾರೆ. ನಿಧಾನ ಮಾಡುವುದಾದರೆ ಪೂರ್ತಿ ಮಾಡಿ, ಗಂಟೆಗೆ 8 ಕಿ.ಮೀ. ಆಸುಪಾಸಿಗೆ. ಅದನ್ನೂ ದಡಕ್ಕೆ ಬರುವ ಮೊದಲೇ, ದೂರದಲ್ಲೇ ಮಾಡಿ. ತಿರುಗಿ ಹಿಂದೆ ನೋಡಿ. ನೊರೆ ಇರುವ ಬಿಳಿ ತಲೆಯ ಅಲೆ ಕಂಡರೆ ಇನ್ನೂ ಇಳಿಸಬೇಕು. ಜನರೆಲ್ಲ ಹಿಂದೆ ಕೂತಿದ್ದರೆ ಒಂದಿಬ್ಬರನ್ನು ಮುಂದೆ ಕಳಿಸಿ, ಹಿಂಭಾಗ ಮೇಲೇಳುತ್ತದೆ.

ದೂರ ಹೋದರೆ ಅಲೆ ಸಾಯುತ್ತದೆ ಎಂಬುದೂ ಅರ್ಧ ಸತ್ಯ. ಆಳವಾದ ನೀರಿನಲ್ಲಿ, ದೂರವನ್ನು ಎರಡು ಪಟ್ಟು ಮಾಡಿದರೂ ಬೋಟ್ ಅಲೆಯ ಎತ್ತರ ತಗ್ಗುವುದು ಸುಮಾರು ಐದನೇ ಒಂದು ಭಾಗ ಮಾತ್ರ. ವೇಕ್‌ಸರ್ಫ್ (ಬೋಟಿನ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಸವಾರಿ) ಬೋಟ್‌ಗಳ ವಿಷಯದಲ್ಲಿ ಇದು ದೊಡ್ಡ ತಲೆನೋವು. ಇವು ಹೊಟ್ಟೆಯ ತೊಟ್ಟಿಗಳಿಗೆ ನೀರು ತುಂಬಿಕೊಂಡು, ಬೇಕೆಂದೇ ಹಿಂಭಾಗ ಮುಳುಗಿಸಿ, ಸವಾರಿ ಮಾಡುವಷ್ಟು ದೊಡ್ಡ ಅಲೆ ಎಬ್ಬಿಸುತ್ತವೆ. ಅಂದರೆ ಆ ಕೆಟ್ಟ ನಡುವಿನ ನಡೆಯಲ್ಲೇ ಗಂಟೆಗಟ್ಟಲೆ ಓಡುತ್ತವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೋನಿ ಫಾಲ್ಸ್ ಪ್ರಯೋಗಾಲಯ 2022ರಲ್ಲಿ ಇವುಗಳ ಅಲೆಯನ್ನು ಅಳೆದು ವರದಿ ಕೊಟ್ಟಿತು. ಮಾಮೂಲಿ ಬೋಟಿನ ಅಲೆ 200 ಅಡಿ ದೂರದಲ್ಲಿ ಎಷ್ಟಿರುತ್ತದೋ, ಅಷ್ಟಕ್ಕೆ ಇಳಿಯಲು ವೇಕ್‌ಸರ್ಫ್ ಅಲೆಗೆ 500 ಅಡಿಗಿಂತ ಜಾಸ್ತಿ ದೂರ ಬೇಕಾಯಿತು. ಅಮೆರಿಕದ ವರ್ಮಾಂಟ್ ರಾಜ್ಯ 2024ರಲ್ಲಿ ನಿಯಮವನ್ನೇ ಮಾಡಿತು: ದಡದಿಂದ ಕನಿಷ್ಠ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಅಂಥ ನೀರು ಒಟ್ಟಿಗೆ 50 ಎಕರೆ ಇದ್ದರೆ ಮಾತ್ರ ಈ ಆಟ. ಆಳದ ಮಾತು ಯಾಕೆ ಬಂತು ಅಂದರೆ, ಈ ಬೋಟ್‌ಗಳ ಪ್ರೊಪೆಲರ್ ನೀರನ್ನು ಕೆಳಮುಖವಾಗಿ ತಳ್ಳಿ ತಳದ ಹೂಳನ್ನೂ ಎಬ್ಬಿಸುತ್ತದೆ.

ಒಂದೇ ಜಾಗದಲ್ಲಿ ಸುತ್ತು ಹಾಕಬೇಡಿ, ಅಲೆಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ನೀರು ಏರಿದಾಗ ಅಡ್ಡದಾರಿಗಳೂ ತೆರೆದುಕೊಳ್ಳುತ್ತವೆ, ಮೊದಲು ಬೋಟ್ ಹೋಗಲಾರದ ಜೊಂಡಿನ ಮೇಲೆಯೇ ಹೋಗಬಹುದು. ಹೋಗಬಹುದು ಎಂದು ಹೋಗಬೇಡಿ.

ಸುತ್ತಲಿನವರ ಜೊತೆ ಒಂದು ಮಾತು ಮೊದಲೇ ಆಗಲಿ

ನೀರು ಅಂಗಳಕ್ಕೆ ಬಂದ ದಿನ ಸಭೆ ಸೇರಿದರೆ ಬರೀ ಜಗಳ. ಇಂಥ ಮಟ್ಟ ಮುಟ್ಟಿದರೆ ಎಲ್ಲರೂ ನಿಧಾನ ಎಂದು ನೀರು ಇಳಿದಿದ್ದಾಗಲೇ ಗುರುತು ಹಾಕಿಕೊಳ್ಳಬೇಕು. ಮಿನ್ನೆಸೋಟದ ಮಿನ್ನೆಟೊಂಕಾ ಸರೋವರದಲ್ಲಿ ಇದು ಅಂಕಿಯಲ್ಲೇ ಇದೆ. ನೀರು ಸಮುದ್ರಮಟ್ಟದಿಂದ 930 ಅಡಿ ಎತ್ತರ ಮುಟ್ಟಿದರೆ ಹೆಚ್ಚು ನೀರಿನ ನಿಯಮ ಜಾರಿಗೆ ಬರುತ್ತದೆ, ಅಲೆ ಎಬ್ಬಿಸದೆ ಓಡಿಸಬೇಕು. ಆ ಹೊತ್ತಿಗೆ ವಾದಕ್ಕೆ ಜಾಗವೇ ಇಲ್ಲ, ಅಳತೆ ಪಟ್ಟಿ ನೋಡಿದರೆ ಮುಗಿಯಿತು. ನಿಮ್ಮ ಕಂಬದ ಪಟ್ಟಿಯ ಮೇಲೂ ಅಂಥ ಒಂದು ಕೆಂಪು ಗೆರೆ ಎಳೆಯಬಹುದು. ಎಲ್ಲಿ ಎಳೆಯಬೇಕು? ನೀರು ಮಣ್ಣಿನ ದಿಬ್ಬದ ಬುಡ ಮುಟ್ಟುವ ಮಟ್ಟದಲ್ಲಿ.

ಬೋಟಿನವರ ಹತ್ತಿರ ಮಾತಾಡುವಾಗ ದಡದಿಂದ ಕೂಗಬೇಡಿ. ನಾನು ಕೂಗಿ ನೋಡಿದ್ದೇನೆ. ಇಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು ಏನೋ, ಖುಷಿಯಿಂದ ಕೈ ಬೀಸಿ ಇನ್ನೊಂದು ಸುತ್ತು ಬಂದರು. ಬೋಟ್ ಕಟ್ಟಿದ ಮೇಲೆ ಹೋಗಿ ಫೋಟೋ, ನೋಟ್‌ಬುಕ್ ತೋರಿಸಿ. ಬೋಟಿನಲ್ಲಿ ಕೂತವರಿಗೆ ಅವರ ಅಲೆ ದಡದಲ್ಲಿ ಏನು ಮಾಡುತ್ತದೆ ಎಂದು ಕಾಣಿಸುವುದೇ ಇಲ್ಲ. ಅಲೆ ಬಡಿಯುವ ಹೊತ್ತಿಗೆ ಅವರು ಎಲ್ಲೋ ಮುಂದೆ ಇರುತ್ತಾರೆ.

ಗಿಡ

ಅಂಚಿನವರೆಗೂ ಕತ್ತರಿಸಿದ ಹುಲ್ಲುಹಾಸು ನೋಡಲು ಚೆಂದ, ದಡಕ್ಕೆ ಶತ್ರು. ಅದರ ಬೇರು ಬೆರಳುದ್ದ ಇಳಿದರೆ ಹೆಚ್ಚು. ಖರ್ಚಿಲ್ಲದ ಮೊದಲ ಹೆಜ್ಜೆ: ಅಂಚಿನಿಂದ ಕನಿಷ್ಠ ಹತ್ತು ಅಡಿ ಪಟ್ಟಿಯಲ್ಲಿ ಹುಲ್ಲು ಕತ್ತರಿಸುವುದನ್ನು ಬಿಟ್ಟುಬಿಡಿ. ಅಲ್ಲಿಯದೇ ಜಾತಿಯ ಎತ್ತರದ ಹುಲ್ಲು, ಪೊದೆ ಬರಲಿ.

ನೀರಿನೊಳಗಿನ ಜೊಂಡು, ಆಪು ಕೀಳಲೇಬೇಡಿ. ಅಲೆ ದಡ ಮುಟ್ಟುವ ಮೊದಲು ಅದರ ಕಸುವು ಹೀರುವುದು ಆ ದಂಟುಗಳೇ. ಜೆಟ್ಟಿಗೆ ಹೋಗಲು ಒಂದು ಓಣಿ ಸಾಕು, ಮಿಕ್ಕದ್ದು ಇರಲಿ.

ನೀರಂಚಿನ ವಿಲ್ಲೋ ಜಾತಿಯ ಮರಗಳು ಬೆಳೆಯುವ ಕಡೆ ಹಸಿ ಗೂಟ ನೆಡಬಹುದು. ಎಲೆ ಉದುರಿ ಗಿಡ ಮಲಗಿರುವ ಕಾಲದಲ್ಲಿ ಹೆಬ್ಬೆರಳು ದಪ್ಪದ, ಎರಡು ಮೂರು ಅಡಿ ಉದ್ದದ ಕೊಂಬೆ ಕಡಿಯಿರಿ. ಬುಡದ ಕಡೆ ಓರೆಯಾಗಿ, ತುದಿ ಕಡೆ ಸಮನಾಗಿ ಕತ್ತರಿಸಿದರೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲ ಇರುವುದಿಲ್ಲ. ತಲೆಕೆಳಗಾಗಿ ನೆಟ್ಟರೆ ಚಿಗುರುವುದಿಲ್ಲ. ಕಬ್ಬಿಣದ ಸರಳಿನಿಂದ ಮೊದಲು ತೂತು ಮಾಡಿ. ಮುಕ್ಕಾಲು ಭಾಗ ಒದ್ದೆ ಮಣ್ಣಿನೊಳಗೆ ಹೋಗಬೇಕು. ಸುತ್ತ ಕಾಲಿನಿಂದ ತುಳಿದು ಗಟ್ಟಿ ಮಾಡಿ. ಒಳಗೆ ಗಾಳಿ ಉಳಿದರೆ ಬೇರು ಬರದು.

ಗಿಡ ಬೇರು ಬಿಡುವವರೆಗೆ ಬುಡ ಕಾಯಲು ತೆಂಗಿನ ನಾರಿನ ದಿಂಡು ಒಳ್ಳೆಯದು. ಒಂದು ಅಡಿ ದಪ್ಪದ ದಿಂಡನ್ನು ದಡದ ಬುಡಕ್ಕೆ ಒತ್ತಿ ಇಟ್ಟು, ಎರಡೂ ಬದಿ ಮರದ ಗೂಟ ಹೊಡೆದು, ಹಗ್ಗದಿಂದ ಬಿಗಿದು ಕಟ್ಟಬೇಕು. ಅದರಲ್ಲೇ ತೂತು ಮಾಡಿ ಸಸಿ ನೆಡಬಹುದು. ಕೆಲವು ವರ್ಷಕ್ಕೆ ನಾರು ಕೊಳೆತು ಮಣ್ಣಾಗುತ್ತದೆ. ಅಷ್ಟರಲ್ಲಿ ಬೇರು ಹಿಡಿದಿರಬೇಕು. ನೀರು ಏರಿರುವಾಗಲೇ ಇದನ್ನು ಮಾಡಲು ಹೋಗಬೇಡಿ. ಸಸಿ ಮುಳುಗಿ ಸಾಯುತ್ತದೆ, ದಿಂಡು ತೇಲಿ ಹೋಗುತ್ತದೆ.

ಕಲ್ಲು ಹಾಕಲೇಬೇಕಾದರೆ

ಕೆಲವು ಕಡೆ ಗಿಡ ಸಾಲದು, ಒಪ್ಪುತ್ತೇನೆ. ಆದರೆ ನನ್ನ ತಪ್ಪನ್ನು ನೀವು ಮಾಡಬೇಡಿ. ನಾನು ಕೆಲಸ ಕೊಟ್ಟವರು ದಡಕ್ಕೆ ನೇರವಾಗಿ ಕಲ್ಲು ಸುರಿದು ಜೋಡಿಸಿ ಹೋದರು. ನೋಡಲು ಕೋಟೆಯ ಹಾಗಿತ್ತು. ಮುಂದಿನ ಏರುನೀರು ಇಳಿದಾಗ ಕಲ್ಲು ಮೊಣಕಾಲಷ್ಟು ಕುಸಿದಿತ್ತು. ಒಂದು ಕಲ್ಲು ಎತ್ತಿ ನೋಡಿದರೆ ಹಿಂದೆ ಪೊಳ್ಳು, ಕೈ ಮೊಣಕೈವರೆಗೂ ಒಳಗೆ ಹೋಯಿತು. ಪ್ರತಿ ಅಲೆ ಹಿಂದೆ ಸರಿಯುವಾಗ ಕಲ್ಲಿನ ಸಂದಿಯಿಂದ ಮಣ್ಣನ್ನು ಹೀರಿಕೊಂಡು ಹೋಗಿತ್ತು.

ಕಲ್ಲಿನ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಲೇಬೇಕು. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಇಳಿಜಾರು ಒಂದು ಅಡಿ ಎತ್ತರಕ್ಕೆ ಎರಡು ಅಡಿ ಮುಂದಕ್ಕಾದರೂ ಇರಲಿ, ಮೂರು ಅಡಿಯಾದರೆ ಇನ್ನೂ ಒಳ್ಳೆಯದು. ಉರುಟು ಕಲ್ಲು ಬೇಡ, ಮೂಲೆ ಇರುವ ಒಡೆದ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಮೊದಲ ಸಾಲಿನ ದೊಡ್ಡ ಕಲ್ಲುಗಳನ್ನು ತಳದಲ್ಲಿ ಗುಂಡಿ ತೋಡಿ ಕೂರಿಸಿ, ಬುಡ ಜಾರಿದರೆ ಮೇಲಿನದೆಲ್ಲ ಜಾರುತ್ತದೆ. ಎರಡೂ ತುದಿಗಳನ್ನು ದಡದ ಒಳಕ್ಕೆ ತಿರುಗಿಸಿ ಮುಗಿಸಿ. ಇಲ್ಲದಿದ್ದರೆ ಅಲೆ ತುದಿಯಲ್ಲಿ ನುಗ್ಗಿ ಹಿಂದಿನಿಂದ ತಿನ್ನುತ್ತದೆ.

ನೆಟ್ಟಗಿನ ಕಾಂಕ್ರೀಟ್ ಗೋಡೆಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಗೋಡೆಗೆ ಬಡಿದ ಅಲೆ ವಾಪಸ್ಸು ಹೋಗುವಾಗ ಬರುವ ಅಲೆಯ ಜೊತೆ ಸೇರಿ, ಗೋಡೆಯ ಮುಂದೆ ನೀರು ಎರಡು ಪಟ್ಟು ಎತ್ತರ ಏರಿ ಇಳಿಯುತ್ತದೆ. ಗೋಡೆಯ ಬುಡವೇ ಹಳ್ಳವಾಗುತ್ತದೆ, ಪಕ್ಕದವರ ದಡಕ್ಕೂ ಪೆಟ್ಟು. ಇನ್ನು ಬಹುತೇಕ ಕಡೆ ನೀರಂಚಿನಲ್ಲಿ ಕಲ್ಲು ಹಾಕಲು, ಗೋಡೆ ಕಟ್ಟಲು ಅನುಮತಿ ಬೇಕು. ಮೊದಲು ಕೇಳಿ, ಆಮೇಲೆ ಕೀಳಿಸುವ ಖರ್ಚು ತಪ್ಪುತ್ತದೆ.

ನೀರು ಈಗಲೇ ಏರಿದ್ದರೆ

ಜೆಟ್ಟಿಗೆ ಹೋಗುವ ಕರೆಂಟನ್ನು ಮೇನ್ ಸ್ವಿಚ್‌ನಲ್ಲೇ ತೆಗೆಯಿರಿ. ಮುಳುಗಿದ ವೈರಿನ ಹತ್ತಿರದ ನೀರಿಗೆ ಇಳಿಯುವುದು ಪ್ರಾಣಕ್ಕೆ ಅಪಾಯ. ತೇಲುವ ದಿಮ್ಮಿ, ಡ್ರಮ್ಮು ಇದ್ದರೆ ಕಟ್ಟಿಹಾಕಿ, ಅಲೆಯ ಜೊತೆ ಅವೂ ದಡ ಗುದ್ದುತ್ತವೆ. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ ಆಚೆ ಕಾಲಿಡಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಅಂಚಿನ ಹತ್ತಿರ ವಾಹನ ನಿಲ್ಲಿಸಬೇಡಿ. ಒಡೆದ ಕಾಂಕ್ರೀಟ್, ತೋಟದ ಕಸ ಸುರಿದು ದಡ ಉಳಿಸುವ ಆಸೆ ಬೇಡ.

ನೀರು ಇಳಿಯುವಾಗ ಎಚ್ಚರ ಬಿಟ್ಟುಬಿಡಬೇಡಿ, ಹೆಚ್ಚು ಕುಸಿತ ಆಗುವುದೇ ಆಗ. ವಾರಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗಿರುತ್ತದೆ. ಇಷ್ಟು ದಿನ ಎದುರಿನಿಂದ ಒತ್ತಿ ಹಿಡಿದಿದ್ದ ಸರೋವರದ ನೀರು ಬೇಗ ಇಳಿದರೆ ಆ ಮಣ್ಣಿಗೆ ಆಸರೆ ಇರುವುದಿಲ್ಲ. ದಡ ಒಣಗುವವರೆಗೆ ಅಂಚಿನಿಂದ ದೂರ ಇರಿ. ಒಣಗಿದ ಮೇಲೆ ಟೇಪು, ನೋಟ್‌ಬುಕ್ ತೆಗೆದುಕೊಂಡು ಇಳಿಯಿರಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕಸದ ಗೆರೆ ಇರುತ್ತದೆ, ಅಲ್ಲೊಂದು ಗೂಟ ಹೊಡೆಯಿರಿ. ಕೆಂಪು ತುದಿಯ ಸರಳುಗಳು ಎಷ್ಟು ಹೊರಗೆ ಬಂದಿವೆ ಎಂದು ಅಳೆದು ಬರೆದುಕೊಂಡು, ಮತ್ತೆ ಮಣ್ಣಿನ ಮಟ್ಟಕ್ಕೆ ಬಡಿದು ಬನ್ನಿ.